ಬಾವಿ ಬಗ್ಗೆ ಯಾರೂ ಕೇಳಲಿಲ್ಲ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನೀವೊಬ್ಬ ನ್ಯಾಯಾಧೀಶರು ಅಂದುಕೊಳ್ಳಿ. ನಿಮ್ಮ ಮುಂದೆ 2,298 ಜನರ ಕೇಸುಗಳಿವೆ. ಎಲ್ಲರೂ ಕೆಲಸದ ಜಾಗದಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ, ಧೂಳು ಕುಡಿದು ಕಾಯಿಲೆ ಬಿದ್ದವರು ಅಥವಾ ಹಾಗೆ ಸತ್ತವರ ಮನೆಯವರು. ಪ್ರತಿಯೊಬ್ಬರೂ ಪರಿಹಾರ ಕೇಳುತ್ತಿದ್ದಾರೆ. ತಿಂಗಳಿಗೆ 30 ಕೇಸು ಮುಗಿಸಿದರೂ (ಯಾವ ಕೋರ್ಟೂ ಆ ವೇಗದಲ್ಲಿ ಓಡಲ್ಲ) ಎಲ್ಲ ಮುಗಿಯುವ ಹೊತ್ತಿಗೆ ಆರು ವರ್ಷ ದಾಟುತ್ತೆ. ಈ ಕಾಯಿಲೆ ಅಷ್ಟು ವರ್ಷ ಕಾಯಲ್ಲ. ಕಾಯುತ್ತಲೇ ನಾನೂರಕ್ಕೂ ಹೆಚ್ಚು ಜನ ಆಗಲೇ ತೀರಿಹೋಗಿದ್ದಾರೆ. ಈಗ ಏನು ಮಾಡ್ತೀರಿ?

ಇದು ನಾನು ಕಟ್ಟಿದ ಕತೆಯಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಬೋಮಾಂಟ್ ಅನ್ನೋ ಊರಿನ ಫೆಡರಲ್ ಕೋರ್ಟಿನಲ್ಲಿ 1990ರಲ್ಲಿ ನಿಜವಾಗಿ ಎದ್ದ ಪ್ರಶ್ನೆ. ಸುತ್ತಮುತ್ತ ತೈಲ ಸಂಸ್ಕರಣಾ ಘಟಕಗಳು, ಕೆಮಿಕಲ್ ಕಾರ್ಖಾನೆಗಳು. ಪೈಪು, ಬಾಯ್ಲರುಗಳಿಗೆಲ್ಲ ಕಲ್ನಾರಿನ ಹೊದಿಕೆ. ಕೇಸಿನ ಹೆಸರು ಸಿಮಿನೋ ವಿರುದ್ಧ ರೇಮಾರ್ಕ್. ನ್ಯಾಯಾಧೀಶರು ರಾಬರ್ಟ್ ಪಾರ್ಕರ್.

ಪಾರ್ಕರ್ ಮಾಡಿದ್ದು ಕೇಳಿದರೆ ನಮ್ಮಂಥ ಇಂಜಿನಿಯರುಗಳಿಗೆ ಖುಷಿಯಾಗುತ್ತೆ. ಕಂಪನಿಗಳ ಸರಕಿನಲ್ಲೇ ದೋಷವಿತ್ತಾ, ಅಪಾಯ ಗೊತ್ತಿದ್ದೂ ಎಚ್ಚರಿಸಲಿಲ್ಲವಾ ಅನ್ನೋ ಎಲ್ಲರಿಗೂ ಸೇರಿದ ಪ್ರಶ್ನೆಗಳನ್ನು ಒಂದೇ ಸಲ ವಿಚಾರಣೆ ಮಾಡಿದರು. ಆಮೇಲೆ ಇಡೀ ಗುಂಪನ್ನು ಕಾಯಿಲೆಯ ಪ್ರಕಾರ ಐದು ಭಾಗ ಮಾಡಿದರು: ಮೆಸೊಥೆಲಿಯೋಮಾ, ಶ್ವಾಸಕೋಶದ ಕ್ಯಾನ್ಸರ್, ಬೇರೆ ಕ್ಯಾನ್ಸರ್‌ಗಳು, ಆಸ್ಬೆಸ್ಟೋಸಿಸ್, ಶ್ವಾಸಕೋಶದ ಹೊದಿಕೆಯ ಕಾಯಿಲೆ. ಪ್ರತಿ ಭಾಗದಿಂದ ಚೀಟಿ ಎತ್ತಿದ ಹಾಗೆ ಒಂದಷ್ಟು ಜನರನ್ನು ಆರಿಸಿದರು. ಒಟ್ಟು 160 ಜನ. ಇವರ ಕೇಸುಗಳನ್ನು ಒಂದೊಂದಾಗಿ ಜ್ಯೂರಿ ಮುಂದೆ ಇಟ್ಟರು. ಜ್ಯೂರಿ ಅಂದರೆ ಕಾನೂನು ಓದದ ಸಾಮಾನ್ಯ ನಾಗರಿಕರ ತಂಡ. ಪರಿಹಾರ ಎಷ್ಟು ಅಂತ ತೀರ್ಮಾನಿಸೋದು ಅವರು. ಆ 160 ಜನಕ್ಕೆ ಅವರವರ ತೀರ್ಪಿನ ಮೊತ್ತ. ಉಳಿದ ಎರಡು ಸಾವಿರದ ಚಿಲ್ಲರೆ ಜನಕ್ಕೆ? ಅವರವರ ಕಾಯಿಲೆಯ ಗುಂಪಿನಲ್ಲಿ ಬಂದ ತೀರ್ಪುಗಳ ಸರಾಸರಿ.

ನಾನು ಮೊದಲ ಸಲ ಇದನ್ನು ಓದಿದಾಗ ರಾತ್ರಿ ಹನ್ನೊಂದೂವರೆ. ಲ್ಯಾಪ್‌ಟಾಪ್ ಮುಂದೆ ಒಬ್ಬನೇ ಕೂತು 'ಭಲೇ' ಅಂದೆ. ಲೋಡ್ ಜಾಸ್ತಿಯಾದಾಗ ನಾವು ಮಾಡೋದೂ ಇದನ್ನೇ ತಾನೇ? ಒಂದೇ ಥರದ್ದನ್ನು ಒಟ್ಟು ಮಾಡು, ಸ್ಯಾಂಪಲ್ ತಗೊ, ಬ್ಯಾಚ್‌ನಲ್ಲಿ ಓಡಿಸು.

ಇದರ ಪರವಾಗಿ ಇನ್ನೂ ಒಂದು ಗಟ್ಟಿ ವಾದವಿದೆ. ಒಂದೇ ಕೇಸನ್ನು ಹತ್ತು ಜ್ಯೂರಿಗಳ ಮುಂದೆ ಇಟ್ಟರೆ ಹತ್ತು ಬೇರೆ ಬೇರೆ ಮೊತ್ತ ಬರುತ್ತೆ. ವಕೀಲ ಚೆನ್ನಾಗಿ ಮಾತಾಡಿದರೆ ಒಂದು, ಸಾಕ್ಷಿ ತಡವರಿಸಿದರೆ ಇನ್ನೊಂದು. ಅಂದರೆ 'ನನ್ನ ಕೇಸು, ನನ್ನ ತೀರ್ಪು' ಅಂತ ನಾವು ಪವಿತ್ರ ಅಂದುಕೊಂಡಿರೋದರಲ್ಲೂ ಲಾಟರಿಯ ಅಂಶ ಇದೆ. ಹಲವು ತೀರ್ಪುಗಳ ಸರಾಸರಿ ತೆಗೆದರೆ ಆ ಅದೃಷ್ಟದ ಏರಿಳಿತ ಕಡಿಮೆಯಾಗುತ್ತೆ. ಹಾಗಾದರೆ ಸರಾಸರಿಯೇ ಹೆಚ್ಚು ನ್ಯಾಯ ಅಂತಲೂ ಹೇಳಬಹುದು. ಇನ್ನೊಂದು ಕಡೆ, ಒಂದೇ ಗುಂಪಿನಲ್ಲಿ ಜಾಸ್ತಿ ನರಳಿದವನ ಪಾಲು ಕಡಿಮೆ ನರಳಿದವನಿಗೆ ಹೋಗುತ್ತೆ. ಆ 160 ಕೇಸುಗಳಲ್ಲಿ ಕೆಲವರಿಗೆ ಜ್ಯೂರಿ ಕೊಟ್ಟದ್ದು ಬರೀ ಸೊನ್ನೆ. ಆದರೆ ಸ್ಯಾಂಪಲ್ಲಿನಲ್ಲಿ ಬಾರದೆ ಉಳಿದವರಲ್ಲಿ ಯಾರಿಗೂ ಸೊನ್ನೆ ಇಲ್ಲ. ಎಲ್ಲರಿಗೂ ಸರಾಸರಿ.

1998ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಯೋಜನೆಯನ್ನು ತಳ್ಳಿಹಾಕಿತು. ಕಂಪನಿಗೂ ಹಕ್ಕಿದೆ, ಪ್ರತಿಯೊಬ್ಬರ ಕಾಯಿಲೆಗೆ ಅದರ ಸರಕೇ ಕಾರಣವಾ, ನಷ್ಟ ಎಷ್ಟು ಅಂತ ಜ್ಯೂರಿಯೇ ಹೇಳಬೇಕು, ಸರಾಸರಿ ಹೇಳಿದರೆ ಆಗಲ್ಲ ಅಂತ. ವಿಚಿತ್ರ ಅಂದರೆ ಅಷ್ಟರಲ್ಲಿ ಪಾರ್ಕರ್ ಅದೇ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದು ಬಂದಿದ್ದರು. ಅವರ ತೀರ್ಪನ್ನು ರದ್ದು ಮಾಡಿದ್ದು ಅವರ ಸಹೋದ್ಯೋಗಿಗಳೇ. ಮುಂದೆ 2011ರಲ್ಲಿ ವಾಲ್‌ಮಾರ್ಟ್ ಮಹಿಳಾ ನೌಕರರ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇಂಥ ಸೂತ್ರದ ಲೆಕ್ಕದ ವಿಚಾರಣೆ ಬೇಡ ಅಂದಿತು. 2016ರಲ್ಲಿ ಟೈಸನ್ ಫುಡ್ಸ್ ಕೇಸಿನಲ್ಲಿ ಮಾತ್ರ, ಕಂಪನಿಯೇ ಸಮಯದ ದಾಖಲೆ ಇಟ್ಟಿಲ್ಲದಿದ್ದರೆ ಕೆಲಸಗಾರರು ಸ್ಯಾಂಪಲ್ ಲೆಕ್ಕ ತೋರಿಸಬಹುದು ಅಂತ ಸ್ವಲ್ಪ ಬಾಗಿಲು ತೆರೆಯಿತು. ಅಂದರೆ ಈ ಜಗಳ ಇನ್ನೂ ಮುಗಿದಿಲ್ಲ.

ಮೊದಲು ನನಗೆ ಆ ಮೇಲ್ಮನವಿ ತೀರ್ಪಿನ ಮೇಲೆ ಸಿಟ್ಟೇ ಬಂತು. ಜನ ಸಾಯ್ತಾ ಇದ್ದಾರೆ, ಇವರು ಪದ್ಧತಿ ಹಿಡಿದು ಕೂತಿದ್ದಾರಲ್ಲ ಅಂತ. ಆದರೆ ಮಲಗಲು ಹೋದ ಮೇಲೆ ನೆನಪಾದದ್ದು ಟೆಕ್ಸಸ್ ಅಲ್ಲ, ನಮ್ಮ ಅಜ್ಜ.

ನಮ್ಮೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಾನು ಹುಟ್ಟುವುದಕ್ಕೂ ಮುಂಚೆ ನಾಲೆಗೆ ಅಂತ ಒಂದಷ್ಟು ಜಮೀನು ಹೋಯಿತು. ಅಜ್ಜನದು ಒಂದೂಕಾಲು ಎಕರೆ. ಸರ್ಕಾರ ಕೊಟ್ಟ ದರ ಕಡಿಮೆ ಅಂತ ನಮ್ಮೂರಿನ 38 ಜನ ಕೋರ್ಟಿಗೆ ಹೋದರು. ಜಮೀನಿನ ಕೇಸು ಕಂಡವರಿಗೆ ಗೊತ್ತಿರುತ್ತೆ, ಒಂದೇ ಅಧಿಸೂಚನೆಯಲ್ಲಿ ಹೋದ ಜಮೀನುಗಳ ಅರ್ಜಿಗಳನ್ನು ಒಟ್ಟಿಗೆ ಕಟ್ಟಿ ನಡೆಸುತ್ತಾರೆ. ದಾಖಲೆ ಚೆನ್ನಾಗಿರುವ ಒಬ್ಬರು ಎಲ್ಲರ ಪರವಾಗಿ ಸಾಕ್ಷಿ ಹೇಳುತ್ತಾರೆ. ಹತ್ತಿರದ ಯಾವುದೋ ಒಂದೆರಡು ಕ್ರಯಪತ್ರ ನೋಡಿ ಕೋರ್ಟ್ ಎಕರೆಗೆ ಇಷ್ಟು ಅಂತ ಕಟ್ಟುತ್ತೆ. ಖುಷ್ಕಿಗೆ ಒಂದು ದರ, ತರಿಗೆ ಒಂದು, ಬಾಗಾಯ್ತಿಗೆ ಒಂದು. ಪಾರ್ಕರ್ ಅವರ ಐದು ಗುಂಪಿಗೂ ನಮ್ಮ ಈ ಮೂರಕ್ಕೂ ಏನು ವ್ಯತ್ಯಾಸ?

ಈ ಪದ್ಧತಿಯಲ್ಲಿ ಒಳ್ಳೆಯದೂ ಇದೆ. 1984ರಲ್ಲಿ ಹಳೆಯ ಭೂಸ್ವಾಧೀನ ಕಾಯ್ದೆಗೆ 28ಎ ಅಂತ ಒಂದು ಕಲಂ ಸೇರಿಸಿದರು. ನಿಮ್ಮ ಪಕ್ಕದವರು ಕೋರ್ಟಿಗೆ ಹೋಗಿ ದರ ಏರಿಸಿಕೊಂಡು ಬಂದರೆ, ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡು ಕೋರ್ಟಿಗೆ ಹೋಗಲಾಗದ ನೀವೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರದ ಮೇಲೆ ಲೆಕ್ಕ ಕೇಳಬಹುದು. ವಕೀಲರಿಗೆ ಕೊಡಲು ಕಾಸಿಲ್ಲದವನಿಗೆ ಇದು ದೊಡ್ಡ ಆಸರೆ. ಹಾಗಾಗಿ ಗುಂಪಿನಲ್ಲಿ ಹಾಕಿ ನೋಡುವುದೇ ಅನ್ಯಾಯ ಅಂತ ನಾನು ಹೇಳಲ್ಲ. ಎಷ್ಟೋ ಸಲ ಬಡವನಿಗೆ ಸಿಗುವ ನ್ಯಾಯವೇ ಅದು.

ಅಜ್ಜನ ತೊಂದರೆ ಬೇರೆಯದು. ಅವರ ಜಮೀನು ಪಹಣಿಯಲ್ಲಿ ಖುಷ್ಕಿ. ಆದರೆ ಅಲ್ಲಿ ಒಂದು ಬಾವಿ ಇತ್ತು. ಅಜ್ಜ, ಅಜ್ಜಿ, ಅಜ್ಜಿಯ ತಮ್ಮ ಸೇರಿ ಮೂರು ಬೇಸಿಗೆ ತೋಡಿದ ಬಾವಿ. ಆರು ಮಟ್ಟು ಆಳ. ನಾಲ್ಕನೇ ಮಟ್ಟಿಗೆ ಬಂಡೆ ಸಿಕ್ಕಿ, ಮದ್ದು ಇಡುವವರನ್ನು ಕರೆಸಿ ಒಡೆಸಿದ್ದರು. ಸುತ್ತ ಇಪ್ಪತ್ತೆರಡು ತೆಂಗಿನ ಸಸಿ ಇಟ್ಟಿದ್ದರು, ಆಗಷ್ಟೇ ಹೊಂಬಾಳೆ ಒಡೆಯುತ್ತಿದ್ದವು. ಪಹಣಿಯಲ್ಲಿ ಇದ್ಯಾವುದೂ ಹತ್ತಿರಲಿಲ್ಲ.

ಪ್ರತಿ ವಾಯ್ದೆಗೂ ಅಜ್ಜ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಏಳನೇ ಕ್ಲಾಸಿನ ಬೇಸಿಗೆ ರಜೆಗೆ ಮುಂಚೆ ಒಂದು ಸಲ ನಾನೂ ಹೋಗಿದ್ದೆ. ದಾರಿಯುದ್ದಕ್ಕೂ ಸಾಹೇಬ್ರು ಕೇಳಿದ್ರೆ ಏನು ಹೇಳಬೇಕು ಅಂತ ಬಾವಿಯ ಕತೆಯನ್ನು ನನ್ನ ಮುಂದೆ ಒಪ್ಪಿಸಿದರು. ಅವತ್ತು ಮಧ್ಯಾಹ್ನದವರೆಗೆ ಕಾಯ್ದೆವು, ವಾಯ್ದೆ ಮುಂದಕ್ಕೆ ಹೋಯಿತು, ಬೋಂಡಾ ತಿಂದು ವಾಪಸ್ ಬಂದೆವು. ಅಜ್ಜನನ್ನು ಸಾಕ್ಷಿ ಕಟ್ಟೆಗೆ ಯಾವತ್ತೂ ಕರೆಯಲಿಲ್ಲ. ಕರೆಯುವ ಅಗತ್ಯ ಕಾನೂನಿನ ಪ್ರಕಾರ ಇರಲಿಲ್ಲ.

ಕೇಸು ಹನ್ನೊಂದು ವರ್ಷ ನಡೀತು. ದರ ಏರಿತು, ಬಡ್ಡಿ ಸೇರಿ ಅಂದುಕೊಂಡದ್ದಕ್ಕಿಂತ ಚೆನ್ನಾಗೇ ಬಂತು. 38 ಜನರಲ್ಲಿ ಒಂಬತ್ತು ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ತೀರ್ಪಿನ ಪ್ರತಿ ತರಲು ಹೋದಾಗ ಅಜ್ಜ ವಕೀಲರನ್ನು ಕೇಳಿದರಂತೆ, "ನನ್ ಬಾವಿ ವಿಚಾರ ಏನ್ ಬರ್ದವ್ರೆ ಸ್ವಾಮಿ?" ವಕೀಲರು ಪುಟ ತಿರುವಿ, "ಯಜಮಾನ್ರೇ, ದರ ಚೆನ್ನಾಗೇ ಏರಿಸಿದಾರಲ್ಲ, ಇನ್ನೇನು ಬೇಕು?" ಅಂದರಂತೆ. ಅಜ್ಜ ಬದುಕಿರುವವರೆಗೂ ಆ ದುಡ್ಡಿನ ಬಗ್ಗೆ ಗೊಣಗಿದ್ದು ನಾನು ಕೇಳಿಲ್ಲ. "ದುಡ್ಡು ಬಂತು ಬಿಡು. ಬಾವಿ ವಿಚಾರ ಯಾರೂ ಕೇಳ್ಲೇ ಇಲ್ವಲ್ಲ" ಅನ್ನೋದನ್ನು ಮಾತ್ರ ನೂರು ಸಲ ಕೇಳಿದ್ದೇನೆ.

ಇದನ್ನು ಹಳ್ಳಿ ಮುದುಕನ ಹಟ ಅಂತ ತಳ್ಳಿಹಾಕೋದು ಸುಲಭ. ಆದರೆ ಕಳೆದ ಅಪ್ರೈಸಲ್ ನೆನಪು ಮಾಡಿಕೊಳ್ಳಿ. ಬೆಲ್ ಕರ್ವ್‌ನಲ್ಲಿ ಎಲ್ಲೋ ಒಂದು ಕಡೆ ನಿಮ್ಮನ್ನು ಕೂರಿಸಿ ನಂಬರ್ ಕೊಟ್ಟರು. ನಂಬರ್ ಅಷ್ಟೇನೂ ಕೆಟ್ಟದಿರಲಿಲ್ಲ. ಆದರೂ ಹೊಟ್ಟೆ ಉರಿದದ್ದು ಯಾಕೆ? ನೀವು ನಿದ್ದೆಗೆಟ್ಟು ಸರಿಮಾಡಿದ ಆ ಒಂದು ಪ್ರೊಡಕ್ಷನ್ ಸಮಸ್ಯೆ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ ಅಂತ. ನಮ್ಮೆಲ್ಲರಿಗೂ ಒಂದೊಂದು ಬಾವಿ ಇರುತ್ತೆ.

ಹಾಗಾದರೆ ಸಾವಿರಾರು ಜನರ ಕೇಸಿನಲ್ಲಿ ನ್ಯಾಯಾಧೀಶ ಕೊಡಬೇಕಾದದ್ದು ಎರಡು: ಒಂದು ಹಣ, ಇನ್ನೊಂದು ಕಿವಿ. ಹಣವನ್ನು ಸರಾಸರಿ ಮಾಡಿ ಹಂಚಬಹುದು. ಕಿವಿಯನ್ನು?

ಇದಕ್ಕೆ ಇನ್ನೊಬ್ಬ ಅಮೆರಿಕನ್ ನ್ಯಾಯಾಧೀಶರು ನೆನಪಾಗುತ್ತಾರೆ. ಬ್ರೂಕ್ಲಿನ್‌ನ ಜ್ಯಾಕ್ ವೈನ್‌ಸ್ಟೈನ್. ವಿಯೆಟ್ನಾಂ ಯುದ್ಧದಲ್ಲಿ ಕಾಡಿನ ಎಲೆ ಉದುರಿಸಲು ಸಿಂಪಡಿಸಿದ ಏಜೆಂಟ್ ಆರೆಂಜ್ ಅನ್ನೋ ರಾಸಾಯನಿಕದಿಂದ ಕಾಯಿಲೆ ಬಂತು, ಹುಟ್ಟಿದ ಮಕ್ಕಳಿಗೆ ಊನ ಬಂತು ಅಂತ ಮಾಜಿ ಸೈನಿಕರು ಕಂಪನಿಗಳ ಮೇಲೆ ಕೇಸು ಹಾಕಿದ್ದರು. ವಿಚಾರಣೆ ಶುರುವಾಗಬೇಕಿದ್ದ ದಿನವೇ, 1984ರ ಮೇ 7ರ ಬೆಳಗಿನ ಜಾವ, 18 ಕೋಟಿ ಡಾಲರಿಗೆ ರಾಜಿಯಾಯಿತು. ರಾಜಿ ಮಾಡಿಸಲು ವೈನ್‌ಸ್ಟೈನ್ ಎರಡೂ ಕಡೆ ಚೆನ್ನಾಗಿಯೇ ಒತ್ತಡ ಹಾಕಿದ್ದರು. ರಾಸಾಯನಿಕಕ್ಕೂ ಕಾಯಿಲೆಗೂ ಇರುವ ಸಂಬಂಧ ಕೋರ್ಟಿನಲ್ಲಿ ಸಾಬೀತಾಗುವುದು ಕಷ್ಟ ಅನ್ನೋದು ಅವರ ಅಂದಾಜು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ರಾಜಿಯನ್ನು ಅಂತಿಮವಾಗಿ ಒಪ್ಪುವ ಮುಂಚೆ ಅವರು ಬ್ರೂಕ್ಲಿನ್, ಷಿಕಾಗೊ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ ಹೀಗೆ ಐದು ಊರುಗಳಲ್ಲಿ ಕೂತು ಸುಮಾರು 500 ಜನರ ಮಾತು ಕೇಳಿದರು. ಸೈನಿಕರು, ಹೆಂಡತಿಯರು, ತಾಯಂದಿರು. ತುಂಬಾ ಜನ ರಾಜಿ ಬೇಡವೇ ಬೇಡ ಅಂದರು. ಕೊನೆಗೆ ವೈನ್‌ಸ್ಟೈನ್ ರಾಜಿಯನ್ನು ಒಪ್ಪಿಯೇಬಿಟ್ಟರು. ಸುಮಾರು 52,000 ಜನಕ್ಕೆ ದುಡ್ಡು ಹೋಯಿತು, ಸರಾಸರಿ 3,800 ಡಾಲರ್. ತೀರಾ ಸಣ್ಣ ಮೊತ್ತ. ಆದರೆ ನಿಮ್ಮ ಕಾಯಿಲೆ ರಾಸಾಯನಿಕದಿಂದಲೇ ಬಂತು ಅಂತ ಸಾಬೀತು ಮಾಡಿ ಅಂತ ಒಬ್ಬೊಬ್ಬರನ್ನೂ ಅಲೆಸಲಿಲ್ಲ. ಹಣದ ಒಂದು ಭಾಗವನ್ನು ಸೈನಿಕರ ಕುಟುಂಬಗಳಿಗೆ, ಊನವಿರುವ ಮಕ್ಕಳಿಗೆ ನೆರವಾಗುವ ಸೇವೆಗಳಿಗೆ ಅಂತ ತೆಗೆದಿಟ್ಟರು.

ನೀವು ಕೇಳಬಹುದು: ತೀರ್ಮಾನ ಮೊದಲೇ ಮನಸ್ಸಿನಲ್ಲಿದ್ದರೆ ಆ 500 ಜನರ ಮಾತು ಕೇಳಿದ್ದು ನಾಟಕ ಅಲ್ವಾ? ನನಗೂ ಈ ಅನುಮಾನ ಇದೆ. ಕೇಳಿಸಿಕೊಂಡ ಹಾಗೆ ಮಾಡಿ ಮೊದಲೇ ಬರೆದಿಟ್ಟ ಉತ್ತರ ಓದುವ ಮ್ಯಾನೇಜರುಗಳನ್ನು ನಾವೆಲ್ಲ ನೋಡಿದ್ದೇವೆ. ಕೇಳಿದ್ದರಿಂದ ಏನಾದರೂ ಬದಲಾಗುವ ಸಾಧ್ಯತೆ ಇರಬೇಕು, ಇಲ್ಲದಿದ್ದರೆ ಅದು ಕೇಳಿದ್ದಲ್ಲ. ಆದರೆ ಕೇಳದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಮರುವರ್ಷ ಸಂಸತ್ತು ಒಂದು ಕಾಯ್ದೆ ಮಾಡಿ, ಸಂತ್ರಸ್ತರೆಲ್ಲರ ಪರವಾಗಿ ಕೇಸು ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿತು. ಬಡ ಜನ, ಎದುರಿಗೆ ದೈತ್ಯ ಕಂಪನಿ. ಒಟ್ಟಿಗೆ ಹೋದರೇ ಬಲ. ಆ ಮಟ್ಟಿಗೆ ಸರಿಯಾದ ಯೋಚನೆ. ಸರ್ಕಾರ 330 ಕೋಟಿ ಡಾಲರ್ ಕೇಳಿತ್ತು. ಸುಪ್ರೀಂ ಕೋರ್ಟಿನ ಮುಂದೆ ನಡೆಯುತ್ತಿದ್ದದ್ದು ಮಧ್ಯಂತರ ಪರಿಹಾರದ ಬಗ್ಗೆ ಮೇಲ್ಮನವಿ. ಅದರ ನಡುವೆ 1989ರ ಫೆಬ್ರವರಿ 14ರಂದು ಇಡೀ ವ್ಯಾಜ್ಯವೇ 47 ಕೋಟಿ ಡಾಲರಿಗೆ ರಾಜಿ ಅಂತ ಆದೇಶ ಬಂತು. ಸಂತ್ರಸ್ತರನ್ನು ಯಾರೂ ಕೇಳಿರಲಿಲ್ಲ.

ಆ ಐವರ ಪೀಠದಲ್ಲಿ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ ಇಬ್ಬರೂ ಕನ್ನಡಿಗರು, ಇಬ್ಬರೂ ದೊಡ್ಡ ಹೆಸರಿನ ನ್ಯಾಯಮೂರ್ತಿಗಳು. ಇದನ್ನು ದೂರುವುದಕ್ಕೆ ಹೇಳುತ್ತಿಲ್ಲ. ಪೀಠ ಮುಂದೆ ಕೊಟ್ಟ ಕಾರಣ ನಮ್ಮ ಪಾರ್ಕರ್ ಅವರದ್ದೇ: ಜನ ನರಳುತ್ತಿದ್ದಾರೆ, ಪೂರ್ತಿ ವಿಚಾರಣೆಗೆ ಕಾದರೆ ವರ್ಷಗಟ್ಟಲೆ ಹಿಡಿಯುತ್ತೆ, ತುರ್ತಾಗಿ ನೆರವು ಬೇಕು. ಇದು ಕಲ್ಲು ಹೃದಯದವರ ಮಾತಲ್ಲ. ಅದೇ ವರ್ಷದ ಕೊನೆಗೆ ಮೂಲ ಕಾಯ್ದೆಯನ್ನು ಎತ್ತಿಹಿಡಿದ ಇನ್ನೊಂದು ಪೀಠ, ಜನರಿಗೆ ಮೊದಲೇ ತಿಳಿಸಬೇಕಿತ್ತು ಅನ್ನುವುದನ್ನು ಒಪ್ಪಿಕೊಂಡೂ, ದೊಡ್ಡ ಒಳಿತಿಗಾಗಿ ಸಣ್ಣ ತಪ್ಪನ್ನು ಕೆಲವೊಮ್ಮೆ ಸಹಿಸಬಹುದು ಅನ್ನುವ ಅರ್ಥದ ಮಾತು ಹೇಳಿತು. 1991ರ ಮರುಪರಿಶೀಲನೆಯಲ್ಲಿ ಬಹುಮತದ ತೀರ್ಪು ಬರೆದದ್ದು ವೆಂಕಟಾಚಲಯ್ಯನವರು. ರಾಜಿ ಉಳಿಯಿತು. ಕ್ರಿಮಿನಲ್ ಕೇಸುಗಳಿಗೆ ಕೊಟ್ಟಿದ್ದ ಮಾಫಿ ರದ್ದಾಯಿತು. ಹಣ ಸಾಲದೇ ಹೋದರೆ ಸರ್ಕಾರವೇ ತುಂಬಿಕೊಡಬೇಕು ಅಂತಾಯಿತು.

ಈಗ ಆ 'ತುರ್ತು' ಏನಾಯಿತು ನೋಡಿ. ಯಾರು ಎಷ್ಟು ನರಳಿದ್ದಾರೆ ಅಂತ ಒಬ್ಬೊಬ್ಬರನ್ನೇ ನೋಡಿ ದುಡ್ಡು ಹಂಚುವ ಕೆಲಸ ತೊಂಬತ್ತರ ದಶಕವಿಡೀ ನಡೆದು ಮುಂದಕ್ಕೂ ಹೋಯಿತು. ರಾಜಿಯ ಹೊತ್ತಿಗೆ ಸುಮಾರು 3,000 ಸಾವು ಅಂತ ಲೆಕ್ಕ ಹಿಡಿದಿದ್ದರು. ಕೊನೆಗೆ ಪರಿಹಾರ ಕೊಟ್ಟ ಸಾವುಗಳೇ ಐದು ಸಾವಿರ ದಾಟಿದವು. ಪರಿಹಾರ ಪಡೆದವರು ಐದೂವರೆ ಲಕ್ಷಕ್ಕೂ ಹೆಚ್ಚು. ಹೆಚ್ಚಿನವರಿಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ. ಹೆಚ್ಚುವರಿ ಹಣ ಬೇಕು ಅಂತ ಸರ್ಕಾರ ಹಾಕಿದ್ದ ಕ್ಯುರೇಟಿವ್ ಅರ್ಜಿ ವಜಾ ಆದದ್ದು 2023ರ ಮಾರ್ಚ್‌ನಲ್ಲಿ. ಅವಸರದಲ್ಲಿ ಮುಗಿಸಿದ ಕೇಸು ಮೂವತ್ತನಾಲ್ಕು ವರ್ಷ ಮುಗಿಯಲಿಲ್ಲ.

ಇಲ್ಲಿಗೆ ಬಂದಾಗ ನನಗೊಂದು ವಿಷಯ ಹೊಳೆಯಿತು. ದಕ್ಷತೆ ಬೇಕಾ, ನ್ಯಾಯ ಬೇಕಾ ಅಂತ ನಾವು ತಕ್ಕಡಿ ಹಿಡಿಯುತ್ತೇವಲ್ಲ, ಆ ಪ್ರಶ್ನೆಯೇ ಅರ್ಧ ತಪ್ಪು. ಕೇಳಬೇಕಾದದ್ದು ಸಮಯವನ್ನು ಎಲ್ಲಿ ಉಳಿಸಿದಿರಿ ಅಂತ.

ಪಾರ್ಕರ್ ಉಳಿಸಿದ್ದು ಪುನರಾವರ್ತನೆಯಲ್ಲಿ. ಅದೇ ಕಂಪನಿ, ಅದೇ ಸರಕು, ಅದೇ ತಜ್ಞ ಸಾಕ್ಷಿಯನ್ನು ಎರಡು ಸಾವಿರ ಸಲ ಕರೆಯುವುದರಲ್ಲಿ. ಆ 160 ಜನರ ಕತೆ ಕೇಳಲು ಮಾತ್ರ ಅವರ ಕೋರ್ಟು 133 ದಿನ ಕೂತಿತ್ತು. ಅಜ್ಜನ ಕೇಸಿನಲ್ಲಿ ಹನ್ನೊಂದು ವರ್ಷ ಹೋದದ್ದು ಜನರ ಮಾತು ಕೇಳಿ ಅಲ್ಲ, ವಾಯ್ದೆ ಮೇಲೆ ವಾಯ್ದೆ ಬಿದ್ದು. ಕೋರ್ಟು ಒಬ್ಬ ಕಮಿಷನರನ್ನು ಒಂದು ದಿನ ಊರಿಗೆ ಕಳಿಸಿದ್ದರೆ ಸಾಕಿತ್ತು. 38 ಹೊಲ, ಹೊಲಕ್ಕೆ ಹತ್ತು ನಿಮಿಷ ಅಂದರೂ ಆರು ಗಂಟೆ ಇಪ್ಪತ್ತು ನಿಮಿಷ. ನಾಲೆ ತೋಡುವ ಮೊದಲು ಬಂದಿದ್ದರೆ ಬಾವಿ ಕಣ್ಣಿಗೇ ಕಾಣಿಸುತ್ತಿತ್ತು. ಆಮೇಲೆ ಬಂದಿದ್ದರೂ ಊರಿನವರು ತೋರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ದಿನ ಇರಲಿಲ್ಲವಾ? ನಾವು ಸಮಯ ಪೋಲು ಮಾಡುವುದು ಒಂದು ಕಡೆ, ಉಳಿತಾಯ ಮಾಡುವುದು ಇನ್ನೊಂದು ಕಡೆ. ಉಳಿತಾಯ ಮಾಡುವ ಜಾಗ ಸದಾ ಮನುಷ್ಯ ಮಾತಾಡುವ ಜಾಗವೇ ಆಗಿರುತ್ತೆ, ಯಾಕೆಂದರೆ ಅದೇ ಸುಲಭ. ಕೇಳದೇ ಇದ್ದರೆ ಯಾವ ವಕೀಲನೂ ತಕರಾರು ತೆಗೆಯಲ್ಲ.

ಹಾಗಾಗಿ ನನ್ನ ಮಟ್ಟಿಗೆ ಉತ್ತರ ಇಷ್ಟು. ಗುಂಪು ಮಾಡಿ, ಸ್ಯಾಂಪಲ್ ತೆಗೆಯಿರಿ, ಸರಾಸರಿ ಕೊಡಿ. ಸಾಯುತ್ತಿರುವವನಿಗೆ ಪರಿಪೂರ್ಣ ತೀರ್ಪಿಗಿಂತ ಸಮಯಕ್ಕೆ ಬಂದ ಸರಾಸರಿ ಮೇಲು. ಆದರೆ 'ನನ್ನನ್ನು ತಪ್ಪು ಗುಂಪಿಗೆ ಹಾಕಿದ್ದೀರಿ' ಅಂತ ಹೇಳುವುದಕ್ಕೆ ಒಂದು ಬಾಗಿಲು ಇರಲಿ. ಆ ಬಾಗಿಲು ತಟ್ಟಿದರೆ ತೆರೆಯುವಂತಿರಲಿ, ಮತ್ತು ಎಲ್ಲ ಮುಗಿದ ಮೇಲಲ್ಲ, ಮುಗಿಯುವ ಮುಂಚೆ ತೆರೆದಿರಲಿ. ಲೆಕ್ಕ ಹೇಗೆ ಹಾಕಿದಿರಿ ಅನ್ನೋದನ್ನು ಅವನ ಭಾಷೆಯಲ್ಲಿ ಅವನಿಗೆ ಹೇಳಿ. ಇದಕ್ಕೂ ಖರ್ಚಿದೆ, ಒಪ್ಪುತ್ತೇನೆ. ಬಾಗಿಲು ತಟ್ಟುವ ಪ್ರತಿಯೊಬ್ಬನೂ ಸರದಿಯಲ್ಲಿರುವ ಇನ್ನೊಬ್ಬನ ಒಂದಷ್ಟು ದಿನ ತಿನ್ನುತ್ತಾನೆ. ಆ ದಿನಗಳು ಅಂಥ ಇನ್ನೊಬ್ಬನಿಗೆ ಕೊನೆಯ ದಿನಗಳೂ ಆಗಿರಬಹುದು. ಎಷ್ಟು ಹೊತ್ತು ಆ ಬಾಗಿಲು ತೆರೆದಿಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ನ್ಯಾಯಾಧೀಶರ ಬದಲಿಗೆ ಅಲ್ಲಿ ಒಂದು ಪ್ರೋಗ್ರಾಂ ಕೂರಿಸಲು ಆಗದೇ ಇರುವುದು ಬಹುಶಃ ಇದಕ್ಕೇ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನು ಆ ಜಾಗ ಎಲ್ಲಿ ಅಂತ ಕೇಳಿದೆ. ಬೈಕಲ್ಲಿ ನಾಲೆ ಏರಿ ಮೇಲೆ ಕರೆದುಕೊಂಡು ಹೋದರು. "ಇಲ್ಲೇ ಎಲ್ಲೋ" ಅಂದರು. ಅಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಲೆಯಲ್ಲಿ ನೀರಿರಲಿಲ್ಲ, ನಾಲ್ಕು ಎಮ್ಮೆ ಮೇಯುತ್ತಿದ್ದವು. ಆರು ಮಟ್ಟು, ನಾಲ್ಕನೇ ಮಟ್ಟಿಗೆ ಬಂಡೆ, ಇಪ್ಪತ್ತೆರಡು ತೆಂಗು ಅಂತ ನಾನು ಹೇಳಿದೆ. ಅಪ್ಪ ನನ್ನ ಮುಖ ನೋಡಿ, "ನಿಂಗೆ ಇದೆಲ್ಲ ಹೆಂಗೆ ಗೊತ್ತು?" ಅಂದರು. ಬಸ್ಸಿನಲ್ಲಿ ಅಜ್ಜ ಒಪ್ಪಿಸಿದ್ದರು ಅಂದೆ.